ಒಂದೇ ಸೂರಿನಡಿ ಎರಡು ಫ್ಲಾಸ್ಕು

ನನ್ನ ತಮ್ಮ ಪಂಪಾಪತಿ "ಅಕ್ಕಾ, ಒಂದು ಹೊಸಾದು ಕಂಡ್ಹಿಡಿದೀನಿ" ಎನ್ನುತ್ತಾ ಮಾಳಿಗೆಯ ಮೆಟ್ಟಿಲಿಳಿದು ಬಂದರೆ, ನಮ್ಮ ಮನೆಯಲ್ಲಿ ಮೊದಲು ಮೇನ್ ಸ್ವಿಚ್ ಆರಿಸುತ್ತೇವೆ. ಆಮೇಲೆ ಅವನಿಗೆ ಕೂರಲು ಹೇಳುತ್ತೇವೆ. ಇದು ಅವಮರ್ಯಾದೆಯಲ್ಲ, ಅನುಭವ. ಅವನ ರೊಟ್ಟಿ ಬಡಿಯುವ ಯಂತ್ರ ಬಡಿದ ಮೊದಲ ಜೋಳದ ರೊಟ್ಟಿ ಕಿಟಕಿಯಿಂದ ಹಾರಿಹೋಗಿ ಎದುರು ಮನೆಯ ಖಾಜಾಬಿಯ ಮಾಳಿಗೆಯ ಮೇಲೆ ಬಿದ್ದಿತ್ತು. ಆಕೆ ಒಳ್ಳೆಯ ಹೆಂಗಸು. ಅದಕ್ಕೆ ಚಟ್ನಿ ಹಚ್ಚಿಕೊಂಡು ತಿಂದು, ಉಪ್ಪು ಸ್ವಲ್ಪ ಕಡಿಮೆ ಎಂದು ಹೇಳಿಕಳಿಸಿದಳು.

ಈ ಸಲ ಅವನ ಕೈಯಲ್ಲಿ ಒಂದು ಫ್ಲಾಸ್ಕು ಇತ್ತು. ಅದಕ್ಕೆ ನೀಲಿ ಜೀನ್ಸ್ ಬಟ್ಟೆಯ ಅಂಗಿ, ಅಂಗಿಗೆ ಒಂದು ಜೇಬು, ಜೇಬಿಗೆ ಹಿತ್ತಾಳೆ ಗುಂಡಿ. ನನ್ನ ಮಕ್ಕಳಿಬ್ಬರದೂ ಜೀನ್ಸ್ ಹೊಲಿಸುವ ವ್ಯಾಪಾರ. ಹಾಗಾಗಿ ನಮ್ಮ ಮನೆಯಲ್ಲಿ ದಿಂಬು, ಕೈಚೀಲ, ಒರೆಸುವ ಬಟ್ಟೆ, ಎಲ್ಲವೂ ಜೀನ್ಸಿನದೇ.

"ಇದಕ್ಕ ವೈರ್ ಇಲ್ಲಕ್ಕಾ. ಮೇನ್ ಸ್ವಿಚ್ ಯಾಕ ಆರಿಸ್ತೀ?" ಎಂದ ಪಂಪಾಪತಿ.

"ಇರ್ಲಿ. ರೂಢಿ ಐತಿ" ಎಂದೆ.

ನಮ್ಮ ಮನೆಯಲ್ಲಿ ಫ್ಲಾಸ್ಕು ಸಣ್ಣ ವಿಷಯವಲ್ಲ. ಬಳ್ಳಾರಿಯ ಬಿಸಿಲು ಕಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಯುಗಾದಿ ಕಳೆಯಿತೆಂದರೆ ನಾವು ಬಿಸಿಲೇರುವ ಮೊದಲೇ ಅಡುಗೆ ಮುಗಿಸಿ ಒಲೆ ಆರಿಸುತ್ತೇವೆ. ಆಮೇಲೆ ಹೊತ್ತು ಮುಳುಗುವವರೆಗೆ ಯಾರೂ ಒಲೆಯ ಹತ್ತಿರ ಸುಳಿಯುವುದಿಲ್ಲ. ಸಂಜೆಯ ಟೀಯನ್ನು ಬೆಳಿಗ್ಗೆಯೇ ಕುದಿಸಿ ಫ್ಲಾಸ್ಕಿಗೆ ತುಂಬಿಡುವುದು ನನ್ನ ಅತ್ತೆಯ ಕಾಲದಿಂದ ನಡೆದು ಬಂದ ಪದ್ಧತಿ. ನನಗೆ ಇಬ್ಬರು ಸೊಸೆಯರು. ಹಿರಿಯವಳು ದಾಕ್ಷಾಯಣಿ, ಕೊಟ್ರೇಶನ ಹೆಂಡತಿ. ಕಿರಿಯವಳು ಶಶಿರೇಖಾ, ಎರ್ರಿಸ್ವಾಮಿಯ ಹೆಂಡತಿ. ಇಬ್ಬರೂ ತವರಿನಿಂದ ಒಂದೊಂದು ಫ್ಲಾಸ್ಕು ತಂದಿದ್ದಾರೆ. ಒಂದೇ ಪಾತ್ರೆಯ ಟೀಯನ್ನು ಇಬ್ಬರೂ ತಮ್ಮ ತಮ್ಮ ಫ್ಲಾಸ್ಕಿಗೆ ತುಂಬಿಟ್ಟು, ಸಂಜೆ ನನ್ನ ಮುಂದೆ ತಂದಿಡುತ್ತಿದ್ದರು. ಯಾರದು ಹೆಚ್ಚು ಬಿಸಿ ಎಂದು ನಾನು ಹೇಳಬೇಕಿತ್ತು. ನಾನು ಶಾಲೆಯಲ್ಲಿ ಹೆಡ್ ಮಿಸ್ ಆಗಿದ್ದವಳು. ಹಟಮಾರಿ ಮಕ್ಕಳಿಬ್ಬರು ಎದುರು ನಿಂತಾಗ ಇಬ್ಬರಿಗೂ ಒಂದೇ ಅಂಕ ಕೊಡಬೇಕೆಂಬುದು ನನಗೆ ಗೊತ್ತು. ಹಾಗಾಗಿ ನಮ್ಮ ಮನೆಯಲ್ಲಿ ಎರಡು ಫ್ಲಾಸ್ಕೂ ಯಾವಾಗಲೂ ಸಮಸಮ.

ಆದರೆ ಈ ಜೀನ್ಸ್ ಫ್ಲಾಸ್ಕು ಬರುವ ಒಂದು ತಿಂಗಳ ಮೊದಲು ಸಿರುಗುಪ್ಪದಿಂದ ಶಶಿರೇಖಳ ತವರಿನವರು ಬಂದಾಗ ನಾನು ಮಲಗಿಬಿಟ್ಟಿದ್ದೆ. ಶಶಿರೇಖಾ ತನ್ನ ಫ್ಲಾಸ್ಕಿನಿಂದ ಅವರಿಗೆ ಟೀ ಬಗ್ಗಿಸಿದಳು. ದಾಕ್ಷಾಯಣಿ ಲೋಟ ಮುಟ್ಟಿ ನೋಡಿ, "ಟೀ ಶರಬತ್ತಾಗೈತಿ. ಇದಕ್ಕ ಎರಡು ಐಸ್ ತುಂಡು ಹಾಕ್ಲೇನ್ರಿ?" ಎಂದು ಬೀಗರನ್ನೇ ಕೇಳಿದಳು.

ಬೀಗರು ನಕ್ಕರು. ಶಶಿರೇಖಾ ನಗಲಿಲ್ಲ. ಮಾರನೆಯ ದಿನ ಎರ್ರಿಸ್ವಾಮಿ ನನ್ನ ಮುಂದೆ ಬಂದು, ನೆಲ ನೋಡುತ್ತಾ, "ಅವ್ವಾ, ಊರ ಆಚಿ ಕಡೆ ಒಂದು ಬಾಡಿಗಿ ಮನಿ ನೋಡೀವಿ. ಬಸವ ಜಯಂತಿ ದಿನ ಹಾಲು ಉಕ್ಕಿಸ್ತೀವಿ" ಎಂದ.

ಒಲೆ ಎರಡಾಗುವುದು ನನಗೆ ಬೇಕಾಗಿರಲಿಲ್ಲ. ಈ ಇಬ್ಬರ ಜಟಾಪಟಿ ಕೇಳದೆ ನನಗೆ ಅನ್ನ ಸೇರುವುದಿಲ್ಲ. ಒಬ್ಬಳು ಬಡಿಸುವಾಗ ಇನ್ನೊಬ್ಬಳು ಕೊಂಕು ನುಡಿಯದಿದ್ದರೆ ಪಲ್ಯಕ್ಕೆ ಖಾರವೇ ಇಲ್ಲವೆನಿಸುತ್ತದೆ. ಆದರೂ ಮಗನ ಎದುರು ಅಳಲಿಲ್ಲ, "ನೋಡಪ್ಪ, ನಿಮ್ಮಿಷ್ಟ" ಎಂದೆ. ಮಾಳಿಗೆಯ ಕೋಣೆಗೆ ಹೋಗಿ ಪಂಪಾಪತಿಯ ಎದುರು ಅತ್ತುಬಿಟ್ಟೆ. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಿಂದ ನಿವೃತ್ತನಾದ ಮೇಲೆ ಅವನು ಅಲ್ಲೇ ಇರುವುದು. ಅವನು ತಲೆ ಕೆರೆದುಕೊಂಡು, "ಟೀ ಆರಿದ್ದಕ್ಕ ತಾನ ಇಷ್ಟೆಲ್ಲಾ? ಆರದಂಗ ಮಾಡಿದ್ರಾತು" ಎಂದ.

ಆ ಮಾತಿನ ಫಲವೇ ಈ ಜೀನ್ಸ್ ತೊಟ್ಟ ಫ್ಲಾಸ್ಕು. ಹೆಸರು ಅಜೇಯ.

ಪರೀಕ್ಷೆಯನ್ನು ಅಚ್ಚುಕಟ್ಟಾಗಿ ನಡೆಸಿದೆವು. ಬೆಳಿಗ್ಗೆ ಒಂದೇ ಪಾತ್ರೆಯ ಟೀಯನ್ನು ನಾಲ್ಕು ಫ್ಲಾಸ್ಕಿಗೆ ತುಂಬಿ ಪಡಸಾಲೆಯ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಸಂಜೆ ಒಂದೊಂದಾಗಿ ಬಿಚ್ಚಿದೆವು. ಮೊದಲನೆಯದು ನನ್ನದು, ಮೈಮೇಲೆ ಗುಲಾಬಿ ಹೂವಿನ ಚಿತ್ರವಿರುವ, ಬಾಯಿಗೆ ಬಿರಡೆಯಿರುವ ಹಳೆಯ ಗಾಜಿನ ಫ್ಲಾಸ್ಕು. ಅದರ ಟೀ ಕೂಸಿಗೆ ಎರೆಯುವ ನೀರಿನಷ್ಟು ಬೆಚ್ಚಗಿತ್ತು. ದಾಕ್ಷಾಯಣಿಯದು ಅದಕ್ಕಿಂತ ಬಿಸಿ. ಶಶಿರೇಖಳದೂ ಅಷ್ಟೇ ಬಿಸಿ.

"ನಂದು ಒಂಚೂರು ಜಾಸ್ತಿ" ಎಂದಳು ದಾಕ್ಷಾಯಣಿ.

"ಅಕ್ಕಾ, ನೀವು ಬಾಯಾಗ ಮೆಣಸಿನಕಾಯಿ ಇಟ್ಕೊಂಡೇ ಕುಡಿದೀರಿ. ಎಲ್ಲಾ ಬಿಸೀನೇ ಅನ್ನಿಸ್ತೈತಿ" ಎಂದಳು ಶಶಿರೇಖಾ.

ಆಮೇಲೆ ಪಂಪಾಪತಿ ಅಜೇಯದ ಮುಚ್ಚಳ ತಿರುಗಿಸಿದ. ಹಬೆ ಎದ್ದು ಅವನ ಕನ್ನಡಕ ಮಂಜಾಯಿತು. ಈಗ ತಾನೇ ಒಲೆಯಿಂದ ಇಳಿಸಿದ ಹಾಗಿತ್ತು ಟೀ. ನಾನು ಊದಿ ಊದಿ ಕುಡಿದೆ. ನಿಜ ಹೇಳಬೇಕೆಂದರೆ, ತಮ್ಮನ ಬಗ್ಗೆ ಅಂದು ಮೊದಲ ಸಲ ಹೆಮ್ಮೆಯಾಯಿತು.

"ಉಳಿದ ಫ್ಲಾಸ್ಕು ಇದ್ದ ಬಿಸೀನ ಹಿಡಿದಿಟ್ಕೊಂತಾವ, ಅಷ್ಟ" ಎಂದು ಪಂಪಾಪತಿ ಕನ್ನಡಕ ಒರೆಸಿಕೊಂಡ. "ಇದು ಹಂಗಲ್ಲ. ಇದರ ತಳದಾಗ ಒಂದು ಕಣ್ಣು ಐತಿ. ಮನ್ಯಾಗ ಬ್ಯಾರೆ ಯಾವ ಫ್ಲಾಸ್ಕು ಎಷ್ಟು ಬಿಸಿ ಐತಿ ಅಂತ ನೋಡ್ತೈತಿ. ನೋಡಿ, ಅದಕ್ಕಿಂತ ಒಂದು ಗುಂಜಿ ಜಾಸ್ತಿ ಬಿಸಿ ಆಗ್ತೈತಿ."

"ಬಿಸಿ ಎಲ್ಲಿಂದ ತರ್ತೈತಿ?" ಎಂದೆ.

"ಸುತ್ತಲ ಗಾಳ್ಯಾಗಿಂದ ಎಳ್ಕೊಂತೈತಿ. ಬಳ್ಳಾರ್ಯಾಗ ಬಿಸಿಗೇನಕ್ಕಾ ಬರ?"

"ಅಂದ್ರ ಇದಕ್ಕ ಹೊಟ್ಟಿಕಿಚ್ಚು ಐತಿ ಅನ್ರಿ ಮಾಮಾ" ಎಂದು ಶಶಿರೇಖಾ ದಾಕ್ಷಾಯಣಿಯ ಕಡೆ ನೋಡಿದಳು. ದಾಕ್ಷಾಯಣಿ ಸೀಲಿಂಗ್ ಫ್ಯಾನಿನ ಕಡೆ ನೋಡಿದಳು. ಆದರೆ ಅಷ್ಟರಲ್ಲಿ ಇಬ್ಬರ ಕೈಯೂ ಅಜೇಯದ ಹಿಡಿಕೆಯ ಮೇಲಿತ್ತು.

ಇಲ್ಲಿ ನಮ್ಮ ಮನೆಯ ಕಾನೂನು ಹೇಳಬೇಕು. ಒಬ್ಬ ಸೊಸೆಗೆ ಕೊಟ್ಟದ್ದನ್ನು ಇನ್ನೊಬ್ಬಳಿಗೂ ಕೊಡಲೇಬೇಕು. ಸೀರೆ, ಬಳೆ, ಸ್ಟೀಲ್ ಕೊಡ, ಯಾವುದೇ ಇರಲಿ, ಅದೇ ಅಂಗಡಿ, ಅದೇ ಬಣ್ಣ. ದಾಕ್ಷಾಯಣಿಗೆ ಕನ್ನಡಕ ಬಂದಾಗ ಶಶಿರೇಖಳಿಗೂ ಬರೀ ಗಾಜಿನದೊಂದು ಮಾಡಿಸಿದ್ದೇನೆ. ಅವಳು ಅದನ್ನು ಹಬ್ಬಕ್ಕೆ ಹಾಕಿಕೊಳ್ಳುತ್ತಾಳೆ.

"ಪಂಪಾ, ಇನ್ನೊಂದು ಮಾಡು" ಎಂದೆ.

"ಮಾಡೂದು ಕಷ್ಟ ಅಲ್ಲಕ್ಕಾ. ಆದ್ರ ಎರಡು ಒಂದೇ ಮನ್ಯಾಗ ಇದ್ರ..."

"ಆದ್ರ ಇಲ್ಲ, ಗೀದ್ರ ಇಲ್ಲ. ಒಬ್ಬಾಕಿಗೆ ಕೊಟ್ಟು ಇನ್ನೊಬ್ಬಾಕಿನ್ನ ಬಿಡೂದು ಈ ಮನ್ಯಾಗ ನಡ್ಯಂಗಿಲ್ಲ."

ಅವನು ಬಾಯಿ ಮುಚ್ಚಿದ. ಚಿಕ್ಕಂದಿನಿಂದಲೂ ನನ್ನ ಮಾತಿಗೆ ಎದುರಾಡಿದವನಲ್ಲ. ಮುಂದೆ ಆದದ್ದಕ್ಕೆಲ್ಲ ಅವನ ಈ ಗುಣವೇ ಕಾರಣ ಎಂದು ನಾನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ.

ಎರಡನೆಯ ಅಜೇಯ ಬಂದ ದಿನ ಮನೆಯಲ್ಲಿ ಹಬ್ಬ. ಇಬ್ಬರೂ ಬೆಳಿಗ್ಗೆ ಟೀ ತುಂಬಿ, ಅಡುಗೆಮನೆಯ ಗೂಡಿನಲ್ಲಿ ಒಂದರ ಪಕ್ಕ ಒಂದು ಇಟ್ಟರು. ಸಂಜೆ ಕೊಟ್ರೇಶ ಕಾರ್ಖಾನೆಯಿಂದ ಬಂದು ಒಂದು ಗುಟುಕು ಕುಡಿದವನು, ಲೋಟ ಬಿಟ್ಟು ಹಿತ್ತಲಿನ ನಲ್ಲಿಯ ಕೆಳಗೆ ನಾಲಿಗೆ ಹಿಡಿದ.

"ಯವ್ವಾ, ಇದು ಟೀನೋ, ಕಾದ ಎಣ್ಣಿನೋ?"

"ಯಾರ ಫ್ಲಾಸ್ಕಿಂದು?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

"ನಿಂದು" ಎಂದು ಅವನು ಹೆಂಡತಿಯ ಕಡೆ ಕೈ ತೋರಿಸಿದ. ದಾಕ್ಷಾಯಣಿಯ ಮುಖದಲ್ಲಿ ಎಂಥ ಸಂತೋಷ! ಕೂಡಲೇ ಶಶಿರೇಖಾ ತನ್ನ ಗಂಡನನ್ನು ಕರೆದು, ತನ್ನ ಫ್ಲಾಸ್ಕಿನ ಟೀ ಕೊಟ್ಟಳು. ಎರ್ರಿಸ್ವಾಮಿಯೂ ನಲ್ಲಿಗೆ ಓಡಿದ. ಅಲ್ಲಿ ಅಣ್ಣ ಜಾಗ ಬಿಡಲಿಲ್ಲ.

ಮಾರನೆಯ ದಿನ ಎರಡೂ ಫ್ಲಾಸ್ಕಿನ ಮುಚ್ಚಳ ಬಿಚ್ಚಲು ಆಗಲಿಲ್ಲ. ಒಳಗಿನ ಟೀ ಬುಸುಗುಡುತ್ತಿತ್ತು. ದಾಕ್ಷಾಯಣಿಯದು ದಪ್ಪ ದನಿಯಲ್ಲಿ ಸಿಳ್ಳೆ ಹಾಕಿದರೆ, ಶಶಿರೇಖಳದು ಅದಕ್ಕಿಂತ ಏರುದನಿಯಲ್ಲಿ ಉತ್ತರ ಕೊಡುತ್ತಿತ್ತು. ಮನೆಗೆ ಹೊಸಬರು ಬಂದಿದ್ದರೆ ಸೊಸೆಯರೇ ಸಿಳ್ಳೆ ಹಾಕಿ ಜಗಳವಾಡುತ್ತಿದ್ದಾರೆ ಎಂದುಕೊಳ್ಳಬೇಕು. ವಿಚಿತ್ರವೆಂದರೆ ಒಳಗೆ ಅಷ್ಟು ಬೆಂಕಿಯಿದ್ದರೂ ಹೊರಗಿನ ಜೀನ್ಸ್ ಅಂಗಿಯ ಮೇಲೆ ಹಿಮ ಕೂತಿತ್ತು. ಮುಟ್ಟಿದರೆ ಬಟ್ಟೆ ಹಪ್ಪಳದ ಹಾಗೆ ಗರಿಗರಿ.

ಅಂದು ಮಧ್ಯಾಹ್ನ ಊರೆಲ್ಲ ಬಾಣಲೆಯಂತೆ ಕಾದಿದ್ದಾಗ ನಮ್ಮ ಪಡಸಾಲೆಯಲ್ಲಿ ತಂಪು ಗಾಳಿ ಸುಳಿಯಿತು. ಗಚ್ಚಿನ ನೆಲ ತಣ್ಣಗಾಯಿತು. ನಾನು ಫ್ಯಾನ್ ಆರಿಸಿದೆ. ನನ್ನ ಬದುಕಿನಲ್ಲಿ ಮೇ ತಿಂಗಳಲ್ಲಿ ಫ್ಯಾನ್ ಆರಿಸಿದ್ದು ಅದೇ ಮೊದಲು. ಅದನ್ನು ನೋಡಲು ಖಾಜಾಬಿ ರಸ್ತೆ ದಾಟಿ ಬಂದಳು.

"ಹಂಪಮ್ಮಾ, ಏನು ಇಲ್ಲಿ ಊಟಿ ಆಗೈತಿ?" ಎಂದು ನೆಲದ ಮೇಲೆ ಕೂತವಳು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮನೆಗೆ ಹೋಗಿ ಎರಡು ಕಲ್ಲಂಗಡಿ ತಂದು, ಫ್ಲಾಸ್ಕುಗಳ ಪಕ್ಕ ಇಟ್ಟು, "ಇವು ಸ್ವಲ್ಪ ತಣ್ಣಗಾಗ್ಲಿ" ಎಂದು ಮತ್ತೆ ಕೂತಳು. ಸಂಜೆ ಕೊಯ್ಯಲು ಹೋದರೆ ಚಾಕು ಮುರಿಯಿತು. ಕಲ್ಲಂಗಡಿ ಹೆಸರಿಗೆ ತಕ್ಕಂತೆ ಕಲ್ಲಾಗಿತ್ತು.

ನಾವು ಇನ್ನೂ ನಗುತ್ತಲೇ ಇದ್ದೆವು. ನಗು ನಿಂತದ್ದು ಒಗ್ಗರಣೆಯ ದಿನ.

ಮರುದಿನ ಬೆಳಿಗ್ಗೆ ಒಗ್ಗಾಣಿ ಮಾಡಲು ಮಂಡಕ್ಕಿ ನೆನೆಸಿಟ್ಟು, ಶಶಿರೇಖಾ ಬಾಣಲೆಯಲ್ಲಿ ಎಣ್ಣೆ ಹಾಕಿ ಸಾಸಿವೆ ಹಾಕಿದಳು. ಕೆಳಗೆ ಗ್ಯಾಸ್ ನೀಲಿಯಾಗಿ ಉರಿಯುತ್ತಿತ್ತು. ಸಾಸಿವೆ ಎಣ್ಣೆಯ ತಳದಲ್ಲಿ ಸುಮ್ಮನೆ ಕೂತಿತ್ತು. ಕಾದಳು. ಒಂದು ಕಾಳೂ ಸಿಡಿಯಲಿಲ್ಲ. ಎಣ್ಣೆ ಗಟ್ಟಿಯಾಗತೊಡಗಿತು.

"ಅಕ್ಕಾ, ನನ್ನ ಪಾಳಿ ಬಂದ ದಿನ ಹಳೇ ಸಾಸಿವಿ ತಂದಿಟ್ಟೀರಿ ಅಲ್ಲಾ?"

"ಸಾಸಿವಿಗೆ ಹಳೇದು ಹೊಸಾದು ಐತೇನ? ನಿನ್ನ ಕೈಗುಣ ಹಂಗ ಐತಿ" ಎನ್ನುತ್ತಾ ದಾಕ್ಷಾಯಣಿ ಬಂದು, ಸೌಟು ಕಸಿದುಕೊಂಡು, ತಾನೂ ಕಾದಳು. ಅವಳ ಕೈಗುಣಕ್ಕೂ ಸಾಸಿವೆ ಬಗ್ಗಲಿಲ್ಲ. ಕಡೆಗೆ ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟಿತು, ಸಾಸಿವೆ ಅದರೊಳಗೆ ಸಿಕ್ಕಿಹಾಕಿಕೊಂಡಿತು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗೂಡಿನಲ್ಲಿ ಎರಡು ಫ್ಲಾಸ್ಕೂ ಜೋರಾಗಿ ಸಿಳ್ಳೆ ಹಾಕಿದವು.

ಅಷ್ಟು ಹೊತ್ತಿಗೆ ನನ್ನ ಹಲ್ಲು ಕಟಕಟಿಸುತ್ತಿದ್ದವು. ಹಾಲು ಹೆಪ್ಪಾಗಿರಲಿಲ್ಲ, ದೋಸೆ ಹಿಟ್ಟು ಉಬ್ಬಿರಲಿಲ್ಲ. ನಮ್ಮ ಬೆಕ್ಕು ಎಂದೋ ಮನೆ ಬಿಟ್ಟು ಖಾಜಾಬಿಯ ಅಂಗಳದ ಬಿಸಿಲಿನಲ್ಲಿ ಕಾಲು ಚಾಚಿ ಮಲಗಿತ್ತು. ಬಳ್ಳಾರಿಯವರ ಮನೆಯಲ್ಲಿ ಸ್ವೆಟರ್ ಎಲ್ಲಿಂದ ಬರಬೇಕು? ಕೊಟ್ರೇಶ ಕಾರ್ಖಾನೆಗೆ ಹೋಗಿ, ಮುಂಬೈಗೆ ಕಳಿಸಬೇಕಿದ್ದ ಗಂಟಿನಿಂದ ಜೀನ್ಸ್ ಜಾಕೆಟ್ಟುಗಳನ್ನು ತಂದ. ನಾನು ಇಳಕಲ್ ಸೀರೆಯ ಮೇಲೆ ಜಾಕೆಟ್ ತೊಟ್ಟು, ಕಾಲರ್ ಎತ್ತಿಕೊಂಡು ಕೂತೆ. ಬೆನ್ನಿನ ಮೇಲೆ ಹುಲಿಯ ಚಿತ್ರವಿತ್ತು. ಟಪಾಲಿನವನು ಬಾಗಿಲಲ್ಲಿ ನನ್ನನ್ನು ಕಂಡು, ಕೊಡಬೇಕಾದ್ದನ್ನು ಕಿಟಕಿಯಿಂದ ಒಳಗೆ ಹಾಕಿ ಹೋದ.

ಮಾಳಿಗೆಯಿಂದ ಪಂಪಾಪತಿಯನ್ನು ಕರೆಸಿದೆ.

"ಅದನ್ನೇ ಅವತ್ತು ಹೇಳಾಕ ಬಂದಿದ್ದೆ" ಎಂದ ಅವನು, ಅಂಗೈ ಉಜ್ಜಿಕೊಳ್ಳುತ್ತಾ. "ಒಂದೇ ಇದ್ರ, ಉಳಿದ ಫ್ಲಾಸ್ಕಿಗಿಂತ ಒಂದು ಗುಂಜಿ ಬಿಸಿ ಆಗಿ ಸುಮ್ಮನಾಗ್ತೈತಿ. ಎರಡಿದ್ರ, ಇದು ಅದಕ್ಕಿಂತ ಬಿಸಿ ಆಗ್ತೈತಿ. ಅದು ಸುಮ್ನಿರ್ತೈತೇನು? ಇದಕ್ಕಿಂತ ಬಿಸಿ ಆಗ್ತೈತಿ. ಮತ್ತ ಇದು..."

"ಸಾಕು, ತಿಳೀತು. ಎಲ್ಲಿತನಕ?"

"ಮನ್ಯಾಗಿನ ಬಿಸಿ ತೀರೋತನಕ."

"ಚೆಲ್ಲಿಬಿಡು ಮತ್ತ."

"ಮುಚ್ಚಳ ಬಿಚ್ಚಿದ್ರ ನಾನಿರಂಗಿಲ್ಲ, ಮಾಳಿಗಿನೂ ಇರಂಗಿಲ್ಲ" ಎಂದ. ಆಮೇಲೆ ಮೆಲ್ಲಗೆ, "ಒಂದ ದಾರಿ ಐತಿ. ಎರಡನ್ನೂ ದೂರ ಇಟ್ರ ಒಂದಕ್ಕೊಂದು ಕಾಣಂಗಿಲ್ಲ. ಆವಾಗ ತಾವ ತಣ್ಣಗಾಗ್ತಾವ" ಎಂದ.

ಅಷ್ಟೇ ತಾನೇ ಎಂದುಕೊಂಡು ನಾನು ಸೊಸೆಯರ ಕಡೆ ತಿರುಗಿದೆ. ಒಂದನ್ನು ಖಾಜಾಬಿಯ ಮನೆಯಲ್ಲಿಟ್ಟರೆ ಮುಗಿಯಿತು.

"ಶಶೀದು ಹೋಗ್ಲಿ. ನಾನು ಹಿರಿ ಸೊಸಿ" ಎಂದಳು ದಾಕ್ಷಾಯಣಿ.

"ಅಕ್ಕಂದು ಮನ್ಯಾಗ ಇರ್ಬೇಕು, ನಂದು ಮಂದಿ ಮನ್ಯಾಗ ಬೀಳ್ಬೇಕಾ? ನಂದು ಎಲ್ಲೂ ಹೋಗಂಗಿಲ್ಲ" ಎಂದಳು ಶಶಿರೇಖಾ. ಫ್ಲಾಸ್ಕನ್ನು ಎತ್ತಿಕೊಂಡು, ತಣ್ಣಗಿದೆಯೆಂದು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡಳು. "ನಾಡದ್ದು ಬಸವ ಜಯಂತಿ. ನಾನ ಹೋಗ್ತೀನಿ, ನನ್ನ ಜೋಡಿ ಇದೂ ಬರ್ತೈತಿ. ಆಮ್ಯಾಲ ನಿಮ್ಮ ಮನ್ಯಾಗ ಸಾಸಿವಿ ಸಿಡೀತೈತಿ. ಅಲ್ಲೀತನಕ ಚಳಿ ತಡ್ಕೋರಿ."

ಅವಳ ಕಣ್ಣಲ್ಲಿ ನೀರು ಬಂದಿತ್ತು. ದಾಕ್ಷಾಯಣಿ ಸೌಟನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಅವರನ್ನು ಒಂದಾಗಿ ಉಳಿಸಲೆಂದು ಮಾಡಿಸಿದ ಫ್ಲಾಸ್ಕು. ಈಗ ಮನೆ ಬೆಚ್ಚಗಾಗಬೇಕಾದರೆ ಅವರು ಬೇರೆಯಾಗಲೇಬೇಕು ಎಂಬಂತಾಗಿತ್ತು. ಆ ಎರಡು ದಿನ ನಾನು ಹುಲಿ ಜಾಕೆಟ್ಟಿನ ಜೇಬಿನಲ್ಲಿ ಕೈ ತುರುಕಿಕೊಂಡು ಕಳೆದೆ. ಖಾಜಾಬಿಯ ಮನೆಯಿಂದ ಬಂದ ಬಿಸಿ ಅನ್ನ ಸಾರು ಉಂಡೆವು. ಅದು ನಮ್ಮ ಹೊಸಿಲು ದಾಟುವಷ್ಟರಲ್ಲಿ ತಂಗಳಾಗುತ್ತಿತ್ತು.

ಬಸವ ಜಯಂತಿಯ ದಿನ ಎಲ್ಲರೂ ಊರ ಆಚೆಯ ಆ ಬಾಡಿಗೆ ಮನೆಗೆ ಹೋದೆವು. ಸಣ್ಣ ಮನೆ. ಪಡಸಾಲೆಯಲ್ಲಿ ನಿಂತರೆ ಅಡುಗೆಮನೆಯ ಒಲೆಗೆ ಕೈ ಎಟುಕುತ್ತಿತ್ತು. ಬಿಸಿಲಿಗೆ ಗೋಡೆಗಳು ಕಾವಲಿಯಾಗಿದ್ದವು. ಶಶಿರೇಖಳ ತವರಿನವರು ಬೆವರು ಒರೆಸಿಕೊಳ್ಳುತ್ತಾ ಕೂತಿದ್ದರು. ಅವಳ ಅಜೇಯ ಆಗಲೇ ಒಲೆಯ ಪಕ್ಕದ ಕಟ್ಟೆಯ ಮೇಲೆ ಕೂತಿತ್ತು. ಹಿಂದಿನ ರಾತ್ರಿಯೇ ಸಾಮಾನಿನ ಜೊತೆ ಇಲ್ಲಿಗೆ ಬಂದಿದ್ದ ಅದು, ಜೊತೆಗಾರ ಇಲ್ಲದ್ದರಿಂದ ತಣಿದು, ಮುಚ್ಚಳ ಬಿಚ್ಚಲು ಬಂದು, ಬೆಳಿಗ್ಗೆ ಹೊಸ ಟೀ ತುಂಬಿಸಿಕೊಂಡು ಸಭ್ಯವಾಗಿ ಕೂತಿತ್ತು.

ಮಠದ ಅಯ್ಯನವರು ಬಂದರು. ಒಲೆಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು ಪೂಜೆ ಮಾಡಿದರು. ಶಶಿರೇಖಾ ಹೊಸ ಪಾತ್ರೆಯ ತುಂಬ ಹಾಲು ಹೊಯ್ದು ಒಲೆ ಹಚ್ಚಿದಳು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಬೇಕು, ಆಗ ಮನೆ ತಮ್ಮದಾದ ಹಾಗೆ. ನಾನು ಬಾಗಿಲ ಹತ್ತಿರ ನಿಂತು, ಉಕ್ಕದಿರಲಿ ಎಂದು ದೇವರನ್ನು ಬೇಡಿಕೊಳ್ಳಬಾರದೆಂದು ಗಟ್ಟಿ ಮನಸ್ಸು ಮಾಡಿದೆ.

ಆಗ ದಾಕ್ಷಾಯಣಿ ಬಂದಳು. ಮನೆಗೆ ಬೀಗ ಹಾಕಿ ಬರುತ್ತೇನೆಂದು ಹಿಂದೆ ಉಳಿದಿದ್ದವಳು. ತಲೆ ತುಂಬ ಮಲ್ಲಿಗೆ, ಕೈಯಲ್ಲಿ ಜೀನ್ಸ್ ತೊಟ್ಟ ಫ್ಲಾಸ್ಕು.

"ಇದ್ಯಾಕ್ರೀ ಅಕ್ಕಾ?" ಎಂದಳು ಶಶಿರೇಖಾ.

"ಬೀಗರು ಬಂದಾರಲ್ಲ. ನಿನ್ನ ಟೀ ಶರಬತ್ತಾದ್ರ ಇರ್ಲಿ ಅಂತ ತಂದೀನಿ" ಎಂದು ದಾಕ್ಷಾಯಣಿ ತನ್ನ ಅಜೇಯವನ್ನು ಶಶಿರೇಖಳ ಅಜೇಯದ ಪಕ್ಕದಲ್ಲಿ, ಒಲೆಗೆ ಅಂಟಿಸಿದಂತೆ ಇಟ್ಟಳು.

ಶಶಿರೇಖಳ ಮುಖ ಕೆಂಪಾಯಿತು. ಆದರೆ ಬೀಗರ ಮುಂದೆ, ಅಯ್ಯನವರ ಮುಂದೆ ಏನೂ ಅನ್ನುವಂತಿರಲಿಲ್ಲ. ತನ್ನ ಫ್ಲಾಸ್ಕನ್ನು ಒಂದು ಬೆರಳಿನಷ್ಟು ಮುಂದೆ ಸರಿಸಿದಳು.

ಎರಡೂ ಒಂದನ್ನೊಂದು ನೋಡಿದವು. ನೋಡಲು ಅವಕ್ಕೆ ಮುಖವಿಲ್ಲ ನಿಜ, ಆದರೂ ನೋಡಿದವು. ದಪ್ಪ ಸಿಳ್ಳೆ ಎದ್ದಿತು. ಏರುದನಿಯ ಸಿಳ್ಳೆ ಉತ್ತರ ಕೊಟ್ಟಿತು. ಬೀಗರು ಬೆವರು ಒರೆಸುವುದನ್ನು ನಿಲ್ಲಿಸಿದರು. ಅಯ್ಯನವರು ಕಾವಿ ಶಾಲನ್ನು ಮೈತುಂಬ ಹೊದ್ದುಕೊಂಡರು. ಸಣ್ಣ ಮನೆ, ಇದ್ದ ಬಿಸಿ ತೀರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಾತ್ರೆಯಲ್ಲಿ ಏಳುತ್ತಿದ್ದ ಹಬೆ ನಿಂತಿತು. ಅಂಚಿನಲ್ಲಿ ಮೂಡಿದ್ದ ನೊರೆ ಅಲ್ಲೇ ನಿಂತಿತು. ಗ್ಯಾಸ್ ಭರ್ರೆಂದು ಉರಿಯುತ್ತಲೇ ಇತ್ತು. ಶಶಿರೇಖಾ ಗಾಬರಿಯಿಂದ ಚಮಚ ಹಾಕಿ ತಿರುವಲು ಹೋದಳು. ಚಮಚ ಅಲ್ಲಾಡಲಿಲ್ಲ. ಹಿಡಿದು ಎತ್ತಿದರೆ ಚಮಚದ ಜೊತೆ ಹಾಲು ಇಡಿಯಾಗಿ, ಪಾತ್ರೆಯ ಆಕಾರದಲ್ಲೇ ಮೇಲೆ ಬಂತು.

ಪಂಪಾಪತಿ ಹಿಂದಿನಿಂದ, "ಅಯ್ಯೋ, ಥರ್ಮಾಮೀಟರ್ ತರಬೇಕಿತ್ತು" ಎಂದ.

ಅಯ್ಯನವರು ಆ ಹಾಲಿನ ಗಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಹಾಲು ಉಕ್ಕಿದ್ದು ಕಂಡೀನಿ, ಒಡದದ್ದು ಕಂಡೀನಿ. ಉರಿ ಮ್ಯಾಲ ಇದ್ದು ಹಿಂಗ ಗಟ್ಟಿ ಆದದ್ದು ಕಂಡಿಲ್ಲ" ಎಂದರು. "ತಾಯಿ, ಈ ಮನಿ ನಿಮ್ಮನ್ನ ಒಲ್ಲೆ ಅಂತೈತಿ. ಹಾಲು ಉಕ್ಕಲಾರದ ಮನ್ಯಾಗ ಸಂಸಾರ ಹೂಡಬ್ಯಾಡ್ರಿ."

ಶಶಿರೇಖಾ ಚಮಚ ಹಿಡಿದುಕೊಂಡೇ ಅಳತೊಡಗಿದಳು. ನಾನು ಹತ್ತಿರ ಹೋಗುವಷ್ಟರಲ್ಲಿ ದಾಕ್ಷಾಯಣಿ ಅವಳ ಹೆಗಲ ಮೇಲೆ ಕೈ ಹಾಕಿದ್ದಳು.

"ಅಳಬ್ಯಾಡ, ಸುಮ್ನಿರು. ಬೀಗರ ಮುಂದ ಅವತ್ತು ನಾನು ಹಂಗ ಅನ್ನಬಾರದಿತ್ತು. ತಪ್ಪಾತು. ನಡಿ ಮನೀಗೆ" ಎಂದಳು. ಸ್ವಲ್ಪ ತಡೆದು, "ಸಾಸಿವೀನೂ ಹೊಸಾದು ತರಿಸ್ತೀನಿ" ಎಂದಳು.

"ಅಂದ್ರ ಅವತ್ತಿಂದು ಹಳೇದಿತ್ತು" ಎಂದಳು ಶಶಿರೇಖಾ, ಮೂಗು ಒರೆಸಿಕೊಳ್ಳುತ್ತಾ.

"ಹಂಗಂದಿಲ್ಲ ನಾನು."

"ಅಂದ್ರಿ."

ನನ್ನ ಎದೆ ಹಗುರಾಯಿತು. ಇಬ್ಬರೂ ಸರಿಯಾಗಿದ್ದಾರೆ ಎಂದು ನನಗೆ ಗೊತ್ತಾದದ್ದು ಆಗಲೇ. ಆ ಹಾಲಿನ ಗಟ್ಟಿಗೆ ಸಕ್ಕರೆ, ಏಲಕ್ಕಿ ಉದುರಿಸಿ, ಕೊಟ್ರೇಶ ಸುತ್ತಿಗೆಯಿಂದ ಒಡೆದು ಎಲ್ಲರಿಗೂ ಹಂಚಿದ. ಸಿರುಗುಪ್ಪದ ಬೀಗರು ಎರಡೆರಡು ಸಲ ಹಾಕಿಸಿಕೊಂಡು, ಇಂಥ ಗೃಹಪ್ರವೇಶವನ್ನು ತಾವು ಎಲ್ಲೂ ಕಂಡಿಲ್ಲ ಎಂದರು. ಅಯ್ಯನವರೂ ಬೇಡ ಬೇಡವೆನ್ನುತ್ತಲೇ ತಟ್ಟೆ ಖಾಲಿ ಮಾಡಿದರು.

ಆಟೋದಲ್ಲಿ ಹಿಂದಿರುಗುವಾಗ ದಾಕ್ಷಾಯಣಿ ನನ್ನ ಪಕ್ಕ ಕೂತಿದ್ದಳು. ಮುಂದಿನ ಆಟೋದಲ್ಲಿ ಶಶಿರೇಖಾ ತನ್ನ ಪೆಟ್ಟಿಗೆ, ಗಂಡ, ಫ್ಲಾಸ್ಕು ಎಲ್ಲದರೊಂದಿಗೆ ಮನೆಯ ದಾರಿ ಹಿಡಿದಿದ್ದಳು.

"ಅಲ್ಲವ್ವಾ, ಎರಡು ಫ್ಲಾಸ್ಕು ಒಂದ ಕಡೆ ಇದ್ರ ಏನಾಗ್ತೈತಿ ಅಂತ ಗೊತ್ತಿದ್ದೂ ಅದನ್ನ ಯಾಕ ತಂದಿ?" ಎಂದು ಕೇಳಿದೆ.

ದಾಕ್ಷಾಯಣಿ ರಸ್ತೆಯ ಕಡೆ ನೋಡುತ್ತಾ, "ಸಾಸಿವೀನ ಸಿಡೀಲಿಲ್ಲ ಅಂದ್ಮ್ಯಾಲ ಹಾಲು ಉಕ್ಕೀತೇನ್ರಿ ಅತ್ತಿ?" ಎಂದಳು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಆಕಿ ಹೋದ್ರ ನಾನು ಯಾರ ಜೋಡಿ ಮಾತಾಡ್ಲಿ? ನಿಮ್ಮ ಮಗನ ಜೋಡೇನು?" ಎಂದಳು.

ಕೊಟ್ರೇಶ ಡ್ರೈವರ್ ಪಕ್ಕದಲ್ಲಿ ಕೂತು ನಿದ್ದೆ ಹೊಡೆಯುತ್ತಿದ್ದ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ವ್ಯವಸ್ಥೆ ನಡೆದಿದೆ. ಬೆಳಿಗ್ಗೆ ಅಡುಗೆಯ ಹೊತ್ತಿಗೆ ಒಂದು ಅಜೇಯ ರಸ್ತೆ ದಾಟಿ ಖಾಜಾಬಿಯ ಮನೆಯಲ್ಲಿ ಕೂರುತ್ತದೆ. ಇವತ್ತು ದಾಕ್ಷಾಯಣಿಯದು ಹೋದರೆ ನಾಳೆ ಶಶಿರೇಖಳದು. ನಿನ್ನೆ ಯಾರದು ಹೋಗಿತ್ತು ಎಂಬ ಬಗ್ಗೆ ದಿನಾ ಜಗಳ. ಅಡುಗೆ ಮುಗಿದು ಒಲೆ ಆರಿದ ಮೇಲೆ ಅದು ಹಿಂದಿರುಗುತ್ತದೆ. ಪಡಸಾಲೆಯ ಈ ಮೂಲೆಗೊಂದು, ಆ ಮೂಲೆಗೊಂದು ಇಡುತ್ತೇವೆ. ಸಿಳ್ಳೆ ಶುರುವಾಗುತ್ತದೆ, ಮನೆ ತಂಪಾಗುತ್ತದೆ. ಓಣಿಯ ಹೆಂಗಸರೆಲ್ಲ ಊಟ ಮುಗಿಸಿ ನಮ್ಮಲ್ಲಿಗೇ ಬಂದು ಮಲಗುತ್ತಾರೆ. ಬೇರೆ ಮನೆ ನೋಡುವ ಮಾತನ್ನು ಎರ್ರಿಸ್ವಾಮಿ ಮತ್ತೆ ಎತ್ತಿಲ್ಲ. ಎತ್ತಿದರೆ ಓಣಿಯವರು ಬಿಡುವುದಿಲ್ಲ. ಒಂದೇ ಫ್ಲಾಸ್ಕಿನಿಂದ ಯಾರ ಮನೆಯೂ ತಂಪಾಗುವುದಿಲ್ಲವಲ್ಲ.

ಚಳಿಗಾಲ ಬಂದರೆ ಏನು ಮಾಡುವುದು ಎಂದು ಪಂಪಾಪತಿಯನ್ನು ಕೇಳಿದೆ. ಬಳ್ಳಾರಿಯಲ್ಲಿ ಅದು ಬಂದಾಗ ನೋಡೋಣ ಎಂದ.

ಎರಡನೆಯದು ಬಂದ ಮೇಲೆ ಅಜೇಯದೊಳಗಿನ ಟೀಯನ್ನು ಮಾತ್ರ ಈವರೆಗೆ ಯಾರಿಗೂ ಕುಡಿಯಲು ಆಗಿಲ್ಲ. ಸಂಜೆ ನಾವೆಲ್ಲ ಜೀನ್ಸ್ ಜಾಕೆಟ್ ತೊಟ್ಟು, ಗುಲಾಬಿ ಹೂವಿನ ನನ್ನ ಹಳೆಯ ಫ್ಲಾಸ್ಕಿನ ಟೀಯನ್ನೇ ಕುಡಿಯುತ್ತೇವೆ. ಅದು ಪೂರ್ತಿ ಆರಿ ತಣ್ಣಗಿದೆ ಎನ್ನುತ್ತಾರೆ ನನ್ನ ಸೊಸೆಯರು. ಅವರು ಈ ಮನೆಗೆ ಬಂದಾಗಿನಿಂದ ಇಬ್ಬರೂ ಒಪ್ಪಿದ ಮೊದಲ ಮಾತು ಅದು, ನಾನು ಎದುರಾಡಲು ಹೋಗಿಲ್ಲ.